ಗುಡ್ಡ ದಾಟಿ ಓಡುವ ಅಲ್ಪಾಕಾಗಳು

ಬೆಳಗ್ಗೆ ಎದ್ದು ನೋಡಿದರೆ ದೊಡ್ಡಿ ಮತ್ತೆ ಖಾಲಿಯಾಗಿತ್ತು. ಸಿಟ್ಟು ಮಾಡಿಕೊಳ್ಳುವಷ್ಟು ಕಸುವೂ ನಸಾರಿಯಾಗೆ ಉಳಿದಿರಲಿಲ್ಲ. ನಿನ್ನೆ ಸಂಜೆ ಅವಳೇ ಎತ್ತಿ ಜೋಡಿಸಿದ್ದ ಗೋಡೆಯ ಕಲ್ಲುಗಳು ಒಂದು ಮೂಲೆಯಲ್ಲಿ ಉರುಳಿಬಿದ್ದಿದ್ದವು. ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಉಣ್ಣೆಗೆಂದು ಸಾಕಿದ ಅಲ್ಪಾಕಾಗಳ ಹೆಜ್ಜೆಗುರುತು ಗುಡ್ಡದ ಕಡೆಗೆ ಸಾಲಾಗಿ ಹೋಗಿತ್ತು. ಗುಡ್ಡದಾಚೆ ಅಕ್ಕ ತೋಮಾಸಾಳ ಹುಲ್ಲುಗಾವಲು. ಅವು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ.

ಶಾಲು ಬಿಗಿದುಕೊಂಡು, ಕವಣೆಯನ್ನು ಸೊಂಟಕ್ಕೆ ಸಿಕ್ಕಿಸಿ, ದಣಿವು ಕಾಣದಿರಲೆಂದು ಕೋಕಾ ಎಲೆಗಳನ್ನು ದವಡೆಗೆ ಒತ್ತಿಕೊಂಡು ಅವಳು ಏರು ಹತ್ತತೊಡಗಿದಳು. ಹರೆಯವನ್ನೆಲ್ಲ ಗಣಿಯೂರಿನ ಖಾನಾವಳಿಯ ಒಲೆಯ ಮುಂದೆ ಕಳೆದ ಹೆಂಗಸು ಅವಳು. ಹೊಗೆ ಕುಡಿದ ಎದೆ, ಊದಿದ ಮೊಣಕಾಲು, ಇವಿಷ್ಟನ್ನು ಹೊತ್ತು ಊರಿಗೆ ಮರಳಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಅಪ್ಪನ ಪಾಲಿನಿಂದ ಬಂದ ತುಂಡು ನೆಲವೊಂದಿತ್ತು. ಅದರ ನಡುವೆ ಬತ್ತದ ಒರತೆ, ಒರತೆಯ ಸುತ್ತ ಸದಾ ಒದ್ದೆಯಾಗಿರುವ ಮೆದು ಹುಲ್ಲು. "ಅಲ್ಪಾಕಾ ಸಾಕೋಕೆ ಇನ್ನೇನು ಬೇಕು?" ಎಂದು ತೋಮಾಸಾಳೇ ಹೇಳಿದ್ದಳು. ತನ್ನ ಹಿಂಡಿನಿಂದ ಗಬ್ಬದ ಹೆಣ್ಣುಗಳನ್ನು ಆರಿಸಿ, ಕಿವಿಗೆ ಕೆಂಪು ಕುಚ್ಚು ಕಟ್ಟಿ ಕಳಿಸಿದ್ದಳು.

ಒರತೆಯ ನೀರು ಎಲ್ಲ ಕಡೆ ಹರಿಯಲೆಂದು ನಸಾರಿಯಾ ಕಾಲುವೆ ತೋಡಿದಳು. ಹುಳುಕಡ್ಡಿ ಹತ್ತಿದ ಅಲ್ಪಾಕಾಗಳ ಕಾಲುಗಳಿಗೆ ಕೊಬ್ಬು ಕಾಯಿಸಿ ಸವರಿದಳು. ಸವರುವಾಗ ಅವುಗಳಿಂದ ಮುಖಕ್ಕೆ ಉಗಿಸಿಕೊಂಡಳು. ಇದನ್ನೆಲ್ಲ ಹೇಗೋ ತಾಳಿಕೊಂಡಿದ್ದಳು. ದಿನಾ ಬೆಳಗಾದರೆ ಗುಡ್ಡ ಹತ್ತಿ ಇಳಿಯುವುದು ಮಾತ್ರ ಅವಳನ್ನು ಹಿಂಡಿ ಹಾಕಿತ್ತು.

ಅಕ್ಕನ ಅಂಗಳದಲ್ಲಿ ಅವು ಏನೂ ಆಗಿಲ್ಲವೆಂಬಂತೆ ಮೇಯುತ್ತಿದ್ದವು. ತೋಮಾಸಾ ಸಾರಿನ ಬಟ್ಟಲು ಚಾಚಿದಳು.

"ಬಂದ್ಯಾ? ಕೂತ್ಕೋ. ನಿನ್ನ ಮೈಯಿಂದ ಇನ್ನೂ ಸೀಮೆಎಣ್ಣೆ ವಾಸನೆ ಹೋಗಿಲ್ಲ ಕಣೇ. ಅದಕ್ಕೇ ಓಡಿ ಬರ್ತವೆ."

"ನನ್ನ ಕೈಲಿ ಆಗಲ್ಲಕ್ಕ. ನೀನೇ ಇಟ್ಕೊಂಡುಬಿಡು."

"ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಳಲ್ಲ ನಾನು. ಸಾರು ಆರ್ತಿದೆ, ಕುಡಿ."

ಒಣಮಾಂಸದ ಚೂರು, ಹಿಮದಲ್ಲಿ ಒಣಗಿಸಿದ ಆಲೂಗಡ್ಡೆ ಹಾಕಿದ ಸಾರು. ಕುಡಿದಳು, ಹಿಂಡನ್ನು ಹೊಡೆದುಕೊಂಡು ಬಂದಳು, ಗೋಡೆ ಕಟ್ಟಿದಳು, ಮಲಗಿದಳು.

ಮರುದಿನ ಕೆಮ್ಮು ಅವಳನ್ನು ಬೇಗನೆ ಎಬ್ಬಿಸಿತು. ಬಾಗಿಲು ತೆರೆದು ಹೊರಗೆ ಬಂದಾಗ ಮೂಡಲು ಬೆಳ್ಳಗಾಗುತ್ತಿತ್ತು. ಅಲ್ಪಾಕಾಗಳೆಲ್ಲ ಕತ್ತು ನೀಳ ಮಾಡಿಕೊಂಡು ಒಂದೇ ಕಡೆ ನೋಡುತ್ತಿದ್ದವು. ಗುಡ್ಡದ ನೆತ್ತಿಯಿಂದ ಉದ್ದನೆಯ ಕೂಗೊಂದು ಇಳಿದುಬಂತು. ಅವ್ವನಿಂದ ತೋಮಾಸಾಗೆ ಬಂದ ಕೂಗು ಅದು, ಹಿಂಡನ್ನು ಕರೆಯುವ ಕೂಗು. ಮುಂದಿದ್ದ ಹೆಣ್ಣು ಎದೆಕೊಟ್ಟು ಗೋಡೆಯ ಕಲ್ಲು ಉರುಳಿಸಿತು. ಮಿಕ್ಕವು ಅದರ ಹಿಂದೆ ಹೋದವು.

ನಸಾರಿಯಾ ತಡೆಯಲಿಲ್ಲ. ಹಿಂದೆಯೇ ಹತ್ತಿದಳು. ನೆತ್ತಿಯ ಮೇಲೆ ತೋಮಾಸಾ ನಿಂತಿದ್ದಳು, ತನ್ನ ಹಿಂಡಿಗೆ ಬೆನ್ನು ಮಾಡಿ, ತಂಗಿಯ ಮನೆಯತ್ತ ಮುಖ ಮಾಡಿ. ನಸಾರಿಯಾಳನ್ನು ಕಂಡು ಕೂಗು ಅರ್ಧಕ್ಕೆ ನಿಂತಿತು.

"ದಿನಾ ಕರೀತಿದ್ಯಾ?"

ತೋಮಾಸಾ ಶಾಲಿನ ಅಂಚು ಸರಿಮಾಡಿಕೊಂಡಳು. "ಬಾಯಿಗೆ ರೂಢಿ ಆಗೋಗಿದೆ."

"ಇತ್ಲಾಗೆ ತಿರುಗಿಕೊಂಡು ಕರೆಯೋ ರೂಢೀನಾ? ನನ್ನ ಮೊಣಕಾಲು ನೋಡಿದೀಯಲ್ಲಕ್ಕ ನೀನು."

"ನೋಡಿದೀನಿ." ಆಮೇಲೆ ತೋಮಾಸಾ ನೆಲ ನೋಡುತ್ತ ಹೇಳಿದಳು, "ಅವು ಬಂದ್ರೆ ಹಿಂದೇನೇ ನೀನೂ ಬರ್ತಿದ್ದೆ. ಕೂತು ಸಾರು ಕುಡಿದು ಹೋಗ್ತಿದ್ದೆ. ಅವ್ವ ಹೋದ ಮೇಲೆ ಬೆಳಗ್ಗೆ ಹೊತ್ತು ನಾನು ಯಾರ ಹತ್ರಾನೂ ಮಾತಾಡಿಲ್ಲ ಕಣೇ. ಈ ಪ್ರಾಣಿಗಳ ಹತ್ರ ಬಿಟ್ರೆ."

ಬೈಯಬೇಕೆಂದು ನಸಾರಿಯಾ ಬಾಯಿ ತೆರೆದಳು. ಕೆಮ್ಮು ಅಡ್ಡ ಬಂತು. ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟಳು. ಅವ್ವ ಸಾಯುವಾಗ ತಾನು ಗಣಿಯೂರಿನಿಂದ ಬಂದಿರಲಿಲ್ಲ. ಸಾವಿನ ಮನೆಗೆಂದು ಯಾರದೋ ಲಾರಿಯಲ್ಲಿ ಬ್ರೆಡ್ಡಿನ ಚೀಲ ಕಳಿಸಿದ್ದಳು. ಅದನ್ನು ಅಕ್ಕ ಇಂದಿಗೂ ಎತ್ತಿ ಆಡಿದವಳಲ್ಲ.

"ಬಾಯಿಬಿಟ್ಟು ಬಾ ಅಂದಿದ್ರೆ ಬರ್ತಿರ್ಲಿಲ್ವಾ ನಾನು?" ಎಂದಳು ಕೊನೆಗೆ.

"ಬರ್ತಿದ್ಯೋ ಏನೋ. ನಂಗೆ ಗೊತ್ತಿರ್ಲಿಲ್ಲ."

ಎರಡು ದಿನ ಬಿಟ್ಟು ತೋಮಾಸಾ ತನ್ನ ಹಿಂಡನ್ನು ನೆರೆಯವನ ಸುಪರ್ದಿಗೆ ಒಪ್ಪಿಸಿ, ಹೊರೆಪ್ರಾಣಿ ಲಾಮಾದ ಬೆನ್ನ ಮೇಲೆ ಮೂಟೆ ಹೇರಿಕೊಂಡು ಗುಡ್ಡ ಇಳಿದಳು. ನಸಾರಿಯಾ ಮೂಟೆ ಬಿಚ್ಚಿ ಮೂಗು ಮುಚ್ಚಿಕೊಂಡಳು.

"ಹಿಕ್ಕೆ ಹೊತ್ಕೊಂಡು ನೆಂಟಸ್ತಿಕೆಗೆ ಬಂದೋಳು ನೀನೊಬ್ಬಳೇ ಇರ್ಬೇಕು."

"ಇವು ಅಲ್ಲಿ ಹಾಕ್ತಿದ್ದ ಹಳೇ ಹಿಕ್ಕೆಗುಡ್ಡೆದು ಕಣೇ. ದೊಡ್ಡಿ ಮೂಲೇಲಿ ಸುರಿ. ಮೂಸಿ ನೋಡಿ ನಮ್ಮನೇನೇ ಅಂದ್ಕೊಂಡ್ರೂ ಅಂದ್ಕೊಂಡಾವು. ಇಲ್ದಿದ್ರೆ ಆಲೂಗಡ್ಡೆಗೆ ಗೊಬ್ಬರ ಆಯ್ತು."

ಅಲ್ಪಾಕಾಗಳು ಒಂದೊಂದೇ ಬಂದು ಮೂಸಿದವು. ಸಾಲು ನಿಂತು ಅದೇ ಮೂಲೆಯಲ್ಲಿ ಹಿಕ್ಕೆ ಹಾಕಿದವು. ತೋಮಾಸಾ ಮಳೆ ಹಿಡಿಯುವವರೆಗೂ ಅಲ್ಲೇ ಉಳಿದಳು. ದಿನಾ ಬೆಳಗ್ಗೆ ತಂಗಿಯನ್ನು ದೊಡ್ಡಿಯ ಮುಂದೆ ನಿಲ್ಲಿಸಿ ಕೂಗು ಕಲಿಸಿದಳು. ನಸಾರಿಯಾಳ ಎದೆಗೆ ಅಷ್ಟುದ್ದದ ಉಸಿರು ದಕ್ಕಲಿಲ್ಲ. ನಡುವೆ ಕೆಮ್ಮು ಬಂದು ಕೂಗು ಎರಡು ತುಂಡಾಗುತ್ತಿತ್ತು. ಆ ತುಂಡು ಕೂಗನ್ನೇ ಕಲಿತವು ಪ್ರಾಣಿಗಳೂ.

ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ ಮೊದಲ ಮರಿ ಒದ್ದೆ ಹುಲ್ಲಿನ ಮೇಲೆ ಬಿತ್ತು. ಬಿಸಿಲಿಗೆ ಮೈ ಒಣಗಿ, ತಡವರಿಸಿ ನಿಂತು, ತಾಯಿಯ ಕೆಚ್ಚಲು ಹುಡುಕಿತು. ಆಲಿಕಲ್ಲು ಬಂದ ವಾರ ಇನ್ನೊಂದು ಹುಟ್ಟಿ, ಉಳಿಯಲಿಲ್ಲ. ಅದನ್ನು ಹೂಳಲು ಅಕ್ಕತಂಗಿಯರು ಸರದಿಯ ಮೇಲೆ ಗುಂಡಿ ತೋಡಿದರು.

"ನಿಂಗೆ ಸಾಕಾಗಲ್ವಾ ಅಕ್ಕ?"

"ಯಾವತ್ತೋ ಸಾಕಾಗಿದೆ," ಎಂದಳು ತೋಮಾಸಾ, ಮಣ್ಣು ಎಳೆಯುತ್ತ.

ಅವಳು ಹೊರಟ ದಿನ ಅಲ್ಪಾಕಾಗಳು ಕತ್ತೆತ್ತಿ ನೋಡಿದವು, ಗಂಟಲಲ್ಲೇ ಗುಂಯ್‌ಗುಟ್ಟಿದವು. ಒಂದು ಮುದಿ ಕಂದು ಹೆಣ್ಣು ಮಾತ್ರ ಅವಳ ಹಿಂದೆ ನಡೆಯಿತು. ಅದನ್ನು ತಿರುಗಿಸಲು ನಸಾರಿಯಾ ಕವಣೆ ಬಿಚ್ಚಲಿಲ್ಲ, ಹೋಗಲಿ ಬಿಡು ಎಂದುಕೊಂಡಳು.

ಅದಾದ ಮೇಲೂ ನಸಾರಿಯಾ ಆಗಾಗ ಅಕ್ಕನ ಮನೆಗೆ ಗುಡ್ಡ ಹತ್ತುತ್ತಾಳೆ, ಹಿಂಡನ್ನು ಮೇಯಲು ಬಿಟ್ಟು, ಒಬ್ಬಳೇ. ಮೊಣಕಾಲು ಮೊದಲಿನಷ್ಟೇ ನೋಯುತ್ತದೆ. ನಡುವೆ ಎರಡು ಸಲ ಕೂತು ಸುಧಾರಿಸಿಕೊಳ್ಳುತ್ತಾಳೆ.