ಮಶೇರಿಗೆ ಬಿದ್ದ ಅಂಕ

ಮುಂಬೈ ಬಳಿಯ ಅಂಬರನಾಥದ ಪ್ಲಾಸ್ಟಿಕ್ ಕಾರ್ಖಾನೆಯ ಪ್ರೆಸ್ ಮಷಿನ್ನು ರಾಯಚೂರು ಕಡೆಯ ಮಾನಮ್ಮನ ಬಲಗೈಯ ಎರಡು ಬೆರಳು ತಿಂದಿತ್ತು. ಕೈ ಒಳಗೆ ಹೋಗದಂತೆ ಮಷಿನ್ನಿನ ಮುಂದೆ ಹಾಕಿದ್ದ ಜಾಳಿ ಮುರಿದು ತಿಂಗಳಾದರೂ ಯಾರೂ ಹಾಕಿಸಿರಲಿಲ್ಲ. ಪರಿಹಾರ ಕೇಳಲು ಬಂದವಳನ್ನು ಎಸಿ ಕೋಣೆಯಲ್ಲಿ ಕೂರಿಸಿ, ಮೊದಲು ನಶೆಯ ಪರೀಕ್ಷೆ ಎಂದರು. ವ್ಯಸನವಿದೆ ಎಂದಾದರೆ ತಪ್ಪು ಅವಳದೇ, ಪರಿಹಾರವಿಲ್ಲ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ಕಂಪನಿ ಕರೆಸಿದ್ದ ಕೌನ್ಸೆಲರ್ ಸಾಹೇಬ ಟ್ಯಾಬ್ ನೋಡುತ್ತಾ ಅದರಲ್ಲಿದ್ದ ಪ್ರಶ್ನೆಗಳನ್ನು ಹಿಂದಿಯಲ್ಲಿ ಕೇಳುತ್ತಿದ್ದ. ಉಡುಪಿಯ ಸೂಪರ್‌ವೈಸರ್ ವಸಂತಕುಮಾರ ಅವನ್ನು ಕನ್ನಡದಲ್ಲಿ ಹೇಳುತ್ತಿದ್ದ.

“ಕುಡಿಯುವ ಅಭ್ಯಾಸ ಉಂಟಾ?”

“ಇಲ್ರಿ. ನಮ್ಮ ಮನ್ಯಾಗ ಗಂಡಸರೂ ಮುಟ್ಟಂಗಿಲ್ಲ.”

“ತಂಬಾಕು?”

“ಮಶೇರಿ ಹಚ್ತೀನ್ರಿ.”

ಮಶೇರಿ ಎಂದರೆ ಹುರಿದು ಪುಡಿಮಾಡಿದ ತಂಬಾಕು. ಅದರಲ್ಲಿ ಹಲ್ಲುಜ್ಜುವುದು ಅವಳ ಅವ್ವ ಕಲಿಸಿದ ರೂಢಿ. ಅವಳ ವಠಾರದ ಹೆಂಗಸರೆಲ್ಲರದೂ ಅದೇ ಕಥೆ.

“ಬೆಳಿಗ್ಗೆ ಎದ್ದ ಕೂಡ್ಲೇ ಬೇಕಾ?”

“ಮತ್ತ ಹಲ್ಲು ಸಂಜೀಕ ತಿಕ್ಕತಾರೇನ್ರಿ?”

“ಸಿಗದಿದ್ರೆ ತೊಂದ್ರೆ ಆಗ್ತದಾ?”

“ತಲಿ ಹಿಡೀತದ್ರಿ.”

ಸಾಹೇಬ ಹೌದು, ಹೌದು ಎಂದು ಒತ್ತುತ್ತಲೇ ಇದ್ದ. ಒಂದೊಂದು ಹೌದಿಗೂ ಅಂಕ ಏರಿ, ಟ್ಯಾಬಿನಲ್ಲಿ ಕೆಂಪು ಬಣ್ಣ ಬಂತು. ತೀವ್ರ ವ್ಯಸನ.

ವಸಂತಕುಮಾರನಿಗೆ ಇರಿಸುಮುರಿಸಾಯಿತು. “ಸರ್, ಅದು ಇವರಲ್ಲಿ ಹಲ್ಲುಪುಡಿ. ಅದರಿಂದ ಯಾರೂ ತೂರಾಡುವುದಿಲ್ಲ. ನಾನು ಪ್ರತಿ ಶನಿವಾರ ಕುಡಿಯುವವ, ಇದೇ ಪರೀಕ್ಷೆಯಲ್ಲಿ ನನಗೆ ಹಸಿರು ಬಂತಲ್ಲ?”

“ನೀವು ಎದ್ದ ಕೂಡಲೇ ಕುಡಿಯುವುದಿಲ್ಲವಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ.”

ಒಂದೇ ಅಳತೆಯ ಚಪ್ಪಲಿ ಊರಿಗೆಲ್ಲ ಹಂಚಿ, ಕಚ್ಚಿತು ಎಂದವನಿಗೆ ನಿನ್ನ ಕಾಲೇ ಸರಿಯಿಲ್ಲ ಎನ್ನುವ ನ್ಯಾಯ ಇದು. ವಸಂತಕುಮಾರ ವಾದ ಬಿಟ್ಟು ಮತ್ತೆ ಅನುವಾದಕ್ಕೆ ತಿರುಗಿದ. ಅವನಿಗೂ ನೌಕರಿ ಬೇಕಿತ್ತು.

“ಜಾಳಿ ಮುರ್ದಿತ್ತಲ್ರಿ, ಅದನ್ನ ಕೇಳ್ರಿ,” ಎಂದಳು ಮಾನಮ್ಮ.

“ಅದಕ್ಕೆ ಇದ್ರಲ್ಲಿ ಪ್ರಶ್ನೆ ಇಲ್ಲವಂತೆ ಅಕ್ಕ. ನಂಗೆ ವ್ಯಸನ ಉಂಟು ಅಂತ ಒಪ್ಪಿ ಎಡಗೈ ಹೆಬ್ಬೆಟ್ಟು ಒತ್ತಬೇಕಂತೆ.”

ಮಾನಮ್ಮ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಒತ್ತಂಗಿಲ್ರಿ. ಬೆರಳು ಕಡ್ದಿದ್ದು ನಿಮ್ಮ ಮಷಿನ್ನು. ನನ್ನ ಹಲ್ಲುಪುಡಿ ಅಲ್ಲ.”

ವಸಂತಕುಮಾರ ತಲೆ ತಗ್ಗಿಸಿ ಅದನ್ನು ಹಿಂದಿಯಲ್ಲಿ ಹೇಳಿದ. ಸಾಹೇಬನಿಗೆ ಸಿಟ್ಟೇನೂ ಬರಲಿಲ್ಲ. ಟ್ಯಾಬಿನಲ್ಲಿ ಕೊನೆಯದೊಂದು ಪ್ರಶ್ನೆ ಬಾಕಿ ಇತ್ತು: ತನಗೆ ವ್ಯಸನವಿದೆ ಎಂದು ಒಪ್ಪಲು ನಿರಾಕರಿಸುತ್ತಾರೆಯೇ?

ಅವನು ಹೌದು ಎಂದು ಒತ್ತಿದ. ಮಾನಮ್ಮನ ಅಂಕ ಇನ್ನೆರಡು ಏರಿತು.