ಮದ್ದು ಸೊಪ್ಪಿನ ಕೆಂಪು

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ಮಾಡಿದವಳು ನಾನೇ.

ನಮ್ಮ ಮಾದಾಪುರದ ಕಡೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ. ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ತಿಂದ ಮರುದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹಿಡಿಯಿತು ಅಂತ ಖುಷಿಪಡುತ್ತೇವೆ. ಹತ್ತು ವರ್ಷದ ನನ್ನ ಮಗಳು ಸೌಜನ್ಯ ಈ ಸಲ ಎರಡು ಬಟ್ಟಲು ತಿಂದಿದ್ದಳು.

ಮೂರನೇ ದಿನ ಬಚ್ಚಲಿನಿಂದ ಕೂಗಿದಳು. "ಅಮ್ಮಾ, ಇನ್ನೂ ಕೆಂಪಗೇ ಹೋಗ್ತಾ ಇದೆ."

"ಹೊಟ್ಟೆಬಾಕಿ, ಅಷ್ಟು ತಿಂದ್ರೆ ಇನ್ನೇನಾಗುತ್ತೆ!" ಎಂದು ನಕ್ಕೆ.

ಐದನೇ ದಿನ ಮತ್ತೆ ಹೇಳಿದಳು. ನನಗೆ ಎಸ್ಟೇಟಿಗೆ ಹೊರಡುವ ಅವಸರ. "ಅದನ್ನೇ ಹೇಳಿ ತಲೆ ತಿನ್ಬೇಡ ಕಣೇ" ಎಂದು ಗದರಿದೆ. ಆಮೇಲೆ ಅವಳು ಬಾಯಿ ಬಿಡಲಿಲ್ಲ. ಕೆನ್ನೆ ಉಬ್ಬಿದಾಗ, ಮಗು ಮೈಕೈ ತುಂಬಿಕೊಳ್ಳುತ್ತಿದೆ ಅಂದುಕೊಂಡೆ. ಹನ್ನೊಂದನೇ ದಿನ ತಲೆನೋವೆಂದು ವಾಂತಿ ಮಾಡಿಕೊಂಡಳು. ಕಣ್ಣು ಬಿಡಲಾಗದಷ್ಟು ಮುಖ ಊದಿತ್ತು. ಜೀಪು ಹಿಡಿದು ಮಡಿಕೇರಿಯ ಆಸ್ಪತ್ರೆಗೆ ಕರೆತಂದೆ.

ಡಾಕ್ಟರ್ ಅನುಪಮಾ ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ಮೂತ್ರ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ನನ್ನನ್ನು ಕೂರಿಸಿ ಹೇಳಿದರು:

"ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್ ಇರ್ತವೆ. ಸಣ್ಣ ಜರಡಿ ಅಂದ್ಕೊಳ್ಳಿ. ಮೈಗೆ ಬೇಕಾದಷ್ಟು ಉಪ್ಪು, ನೀರನ್ನ ರಕ್ತಕ್ಕೆ ವಾಪಸ್ ಕೊಟ್ಟು, ಮಿಕ್ಕಿದ್ದನ್ನ ಹೊರಗೆ ಹಾಕ್ತವೆ. ಇವಳಿಗೆ ಅವು ಕೆಟ್ಟಿವೆ. ರಕ್ತ ಹೊರಗೆ ಹೋಗ್ತಿದೆ, ಉಪ್ಪು ನೀರು ಒಳಗೇ ನಿಂತಿದೆ. ಅದಕ್ಕೇ ಮುಖ ಊದಿದೆ, ಬಿ.ಪಿ. ಏರಿದೆ."

"ಅದು ಸೊಪ್ಪಿನ ಬಣ್ಣ ಅಲ್ವಾ ಮೇಡಂ?"

"ಸೊಪ್ಪಿನ ಬಣ್ಣ ಒಂದೆರಡು ದಿನಕ್ಕೆ ಹೋಗುತ್ತೆ. ಇದು ರಕ್ತ."

ಡಾಕ್ಟರ್ ಮಂಚದ ಕಡೆ ತಿರುಗಿದರು. "ಯಾವತ್ತಿಂದ ಪುಟ್ಟಾ, ಹೀಗೆ ಕೆಂಪಗೆ ಹೋಗ್ತಿರೋದು?"

ಸೌಜನ್ಯ ನನ್ನ ಮುಖ ನೋಡಿದಳು. "ನಿನ್ನೆಯಿಂದ. ಅಮ್ಮಂಗೆ ನಾನು ಹೇಳೇ ಇರ್ಲಿಲ್ಲ."

"ಸದ್ಯ, ಬೇಗ ಬಂದಿದ್ದೀರಿ" ಎಂದರು ಡಾಕ್ಟರ್. "ಹಾಗಾದ್ರೆ ಕಿಡ್ನಿ ಉಳಿಸ್ಕೋಬಹುದು."

ಆ ಮಾತನ್ನು ಹಾಗೇ ನಂಬಿಬಿಡೋಣ ಅನಿಸಿತು. ನನಗೆ ಬೈಗುಳ ಬೀಳಬಾರದೆಂದು ಮಗು ಸುಳ್ಳು ಹೇಳಿತ್ತು. ಅವಳ ಊದಿದ ಕೈ ಹಿಡಿದುಕೊಂಡೆ.

"ಎಂಟು ದಿನದ ಮೇಲಾಯ್ತು ಮೇಡಂ. ಅವಳು ಹೇಳಿದ್ಲು. ಎರಡು ಸಲ ಹೇಳಿದ್ಲು."

"ಹಾಗಾದ್ರೆ ಬರೀ ಮಾತ್ರೆ ಸಾಲದು" ಎಂದರು ಡಾಕ್ಟರ್. ಡಯಾಲಿಸಿಸ್‌ಗೆಂದು ಮೈಸೂರಿಗೆ ಚೀಟಿ ಬರೆಯತೊಡಗಿದರು.

ಸೌಜನ್ಯ ಅಳತೊಡಗಿದಳು. "ಯಾಕಮ್ಮಾ ಹೇಳ್ದೆ? ಈಗ ನಿಂಗೆ ಬೈತಾರೆ."