ಎರಡು ತವರಿನ ಸೀರೆ

“ಮೊದ್ಲು ನಮ್ಮ ಸೀರಿ. ತವರಿನಾಗ ನಾನು ಹಿರೇನು” ಎನ್ನುತ್ತ ಗಾದಿಲಿಂಗ ಅಕ್ಕನ ಹೆಣದ ಮೇಲೆ ಹಸಿರು ಸೀರೆ ಹರಡಲು ಬಗ್ಗಿದ. ಅಷ್ಟರಲ್ಲಿ ತಮ್ಮ ಹೊನ್ನೂರಸ್ವಾಮಿ ತಾನು ತಂದ ಕೆಂಪು ಸೀರೆ ಹಿಡಿದು ಅಡ್ಡ ಬಂದ.

“ಅಕ್ಕ ಆಸ್ಪತ್ರ್ಯಾಗ ಮಲಗಿದ್ದಾಗ ಎಲ್ಲಿ ಹೋಗಿತ್ತು ಈ ಹಿರೇತನ? ಕೇಳು ಭಾವ!”

ಮುತ್ತೈದೆ ಸತ್ತರೆ ತವರಿನ ಸೀರೆ ಬೀಳದೆ ಹೆಣ ಎತ್ತುವಂತಿಲ್ಲ. ದ್ಯಾಮಕ್ಕನ ತವರು ತಂಬ್ರಹಳ್ಳಿ. ಹಿರಿಯರ ಮನೆಗೆ ನಡುಗೋಡೆ ಎದ್ದ ಮೇಲೆ ಅವಳಿಗೆ ತವರು ಎರಡಾಗಿದ್ದವು. ತಮ್ಮಂದಿರ ನಡುವೆ ಅಂದೇ ಮಾತು ನಿಂತಿತ್ತು. ಈಗಲೂ ಒಬ್ಬರಿಗೊಬ್ಬರು ಬೈಯಬೇಕಾದ್ದನ್ನು ಇಬ್ಬರೂ ಭಾವನ ಮುಖ ನೋಡಿ ಬೈಯುತ್ತಿದ್ದರು.

ಆ ಭಾವ, ದ್ಯಾಮಕ್ಕನ ಗಂಡ ಓಬಳೇಶನಿಗೆ, ಕೂತಲ್ಲಿ ಕೂರಲಾಗುತ್ತಿಲ್ಲ. ಅಂಗಳಕ್ಕೆ ಹೋಗಿ ಬಿಸಿಲು ನೋಡುವುದು, ಒಳಗೆ ಬಂದು ಹೆಂಡತಿಯ ಮುಖ ನೋಡುವುದು. ಹೊತ್ತು ಇಳಿಯುತ್ತಿತ್ತು. “ತಮ್ಮಂದಿರಿಬ್ರೂ ಹೆಗಲು ಕೊಡ್ಬೇಕು. ಒಬ್ಬ ತಪ್ಪಿದ್ರೂ ನನ್ನ ಎತ್ತಬ್ಯಾಡ್ರಿ” ಎಂದು ಹೋದ ವಾರವಷ್ಟೇ ಹೇಳಿದ್ದಳು. ಇವನು ಹೂಂ ಅಂದುಬಿಟ್ಟಿದ್ದ. ಅಷ್ಟು ಸುಲಭವೇ, ಈ ಎರಡು ಹೋರಿಗಳನ್ನು ಒಂದೇ ನೊಗಕ್ಕೆ ಕಟ್ಟುವುದು!

*

ಪಂಚಮಿಗೆ ತವರಿಗೆ ಹೋದರೆ ದ್ಯಾಮಕ್ಕ ಗಾದಿಲಿಂಗನ ಮನೆಯಲ್ಲಿ ಹೊಟ್ಟೆ ತುಂಬ ಹೋಳಿಗೆ ತಿಂದು, ಗೋಡೆ ಸುತ್ತಿ ಬಂದು, ಹೊನ್ನೂರಸ್ವಾಮಿಯ ಮನೆಯಲ್ಲಿ “ಹಸಿವ್ಯಾಗೇತಪ್ಪ” ಎಂದು ಮತ್ತೆ ತಾಟಿನ ಮುಂದೆ ಕೂರುವಳು. ಒಮ್ಮೆ ಕೂಡ್ಲಿಗಿಗೆ ವಾಪಸಾಗುವ ಬಸ್ಸಿನಲ್ಲಿ ಎರಡೂ ಮನೆಯ ಹೋಳಿಗೆ ಕಿಟಕಿಯಾಚೆ ಹೋಯಿತು. ಓಬಳೇಶ ಬೈದ. ಅವಳು ಬಾಯಿ ಒರೆಸಿಕೊಂಡು ನಕ್ಕಳು.

“ಹೊಟ್ಟಿ ನಂದು, ನಿಮಗ್ಯಾಕ ಸಂಕಟ? ಒಂದು ಮನ್ಯಾಗ ಉಣ್ಣದು ಬಿಟ್ರ ಅಲ್ಲಿಗಿ ಒಂದು ತವರು ಮುಗೀತು.”

*

“ಎರಡೂ ಉಡಸ್ರಿ!” ಓಬಳೇಶ ಇಬ್ಬರ ನಡುವೆ ಬಂದು ನಿಂತ. “ಎರಡು ಮನ್ಯಾಗ ಉಂಡಾಕಿ, ಎರಡು ಸೀರಿ ಉಟ್ಟು ಹೋಗ್ಲಿ.”

“ಮ್ಯಾಲೆ ಯಾರ್ದು?” ಇಬ್ಬರೂ ಒಮ್ಮೆಗೇ ಕೇಳಿದರು.

ಮೊಮ್ಮಗಳು ಕ್ರಾಂತಿ ಕಣ್ಣೊರೆಸಿಕೊಂಡು ಎದ್ದಳು. ಬಸ್ ಕಂಡಕ್ಟರ್ ಹುಡುಗಿ, ದನಿಗೆ ಬರವಿಲ್ಲ. “ಗಂಡಸ್ರೆಲ್ಲ ಹೊರಗ ನಡೀರಿ!” ಎಂದವಳೇ ಬಾಗಿಲು ಹಾಕಿದಳು. ಬಾಗಿಲು ತೆರೆದಾಗ ದ್ಯಾಮಕ್ಕನ ನೆರಿಗೆ ಹಸಿರು, ಸೆರಗು ಕೆಂಪು. ಜಗಳಕ್ಕೆ ಜಾಗವೇ ಇರಲಿಲ್ಲ.

ಚಟ್ಟದ ಮುಂದಿನ ಎರಡು ತುದಿಗೆ ತಮ್ಮಂದಿರು ಹೆಗಲು ಕೊಟ್ಟರು. ಗಾದಿಲಿಂಗ ಗಿಡ್ಡ, ಹೊನ್ನೂರಸ್ವಾಮಿ ಎತ್ತರದ ಆಳು. ಎತ್ತಿದ್ದೇ ತಡ ಚಟ್ಟ ಒಂದು ಕಡೆ ವಾಲಿತು. ದ್ಯಾಮಕ್ಕನ ತಲೆ ಹೊರಳಿತು.

ಈ ಸಲ ಗಾದಿಲಿಂಗ ಭಾವನ ಕಡೆ ನೋಡಲಿಲ್ಲ.

“ತಗ್ಗಲೇ ಸ್ವಾಮಿ, ಅಕ್ಕ ಬೀಳ್ತಾಳ.”

ಹೊನ್ನೂರಸ್ವಾಮಿ ಮೊಣಕಾಲು ಮಡಿಸಿ ಅಣ್ಣನ ಹೆಗಲಿನ ಮಟ್ಟಕ್ಕೆ ತಗ್ಗಿದ. ಹೆದ್ದಾರಿ ದಾಟಿ ಸುಡುಗಾಡು ಮುಟ್ಟುವವರೆಗೂ, ತೊಡೆ ನಡುಗುತ್ತಿದ್ದರೂ, ಹಾಗೇ ಅರ್ಧ ಕೂತ ಕಾಲಲ್ಲೇ ನಡೆದ.